ಕುಡಿಯದ ನೀರು

ಸಂಜೆ ಬಾಗಿಲು ತೆರೆದದ್ದೇ ತಡ, ಅತ್ತಿಗೆ ಚಪ್ಪಲಿಯನ್ನೂ ಬಿಡದೆ ಬಚ್ಚಲಿನತ್ತ ಓಡಿದಳು. ದಿನವೂ ಇದೇ ಓಟ. ಹೊರಬಂದು ಉಸಿರು ಬಿಟ್ಟವಳು ಚೀಲದಿಂದ ನೀರಿನ ಬಾಟಲಿ ತೆಗೆದು ಕಿಟಕಿಯ ಬಳಿಯ ಕುಂಡಕ್ಕೆ ಸುರಿದಳು. ಬೆಳಿಗ್ಗೆ ತುಂಬಿಸಿಕೊಂಡು ಹೋದದ್ದು ಹಾಗೇ ಇತ್ತು.

"ಗಿಡಕ್ಕೆ ಕುಡಿಸೋದನ್ನ ನೀವೇ ಕುಡಿಬಾರದಾ ಅತ್ತಿಗೆ?" ಎಂದಳು ನಾದಿನಿ. ಅವಳು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಕಂಡದ್ದನ್ನೆಲ್ಲ ದಿಟ್ಟಿಸಿ ನೋಡುವುದು ಅವಳ ಚಾಳಿ.

"ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಮಾರಾಯ್ತಿ. ನಮ್ಮ ಲೈನಿಗೆಲ್ಲ ಸೇರಿ ಇರೋದು ಒಂದೇ ಟೋಕನ್ನು. ಅದು ಇಲ್ದೆ ಶೌಚಾಲಯಕ್ಕೆ ಬಿಡಲ್ಲ. ಸಿಕ್ಕಿತು ಅಂತ ಹೋದ್ರೆ, ನಿಮ್ಮಣ್ಣ ಬಾಗಿಲಲ್ಲಿ ಕೈಗಡಿಯಾರ ನೋಡ್ತಾ ನಿಂತಿರ್ತಾರೆ."

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಅತ್ತಿಗೆ ಕಾಲರ್ ಹೊಲಿಯುತ್ತಿದ್ದಳು. ಅವಳ ಗಂಡ ಅದೇ ಸಾಲಿನ ಸೂಪರ್‌ವೈಸರ್. ಹೆಂಗಸರು ಅವನಿಗೆ 'ಗಡಿಯಾರ' ಎಂದು ಹೆಸರಿಟ್ಟಿದ್ದರು. ಒಂದೆರಡು ಸಲ ಅವಳೂ ಅವರ ಜೊತೆ ಸೇರಿ ನಕ್ಕಿದ್ದಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಚಳಿಜ್ವರ, ಸೊಂಟನೋವು ಎಂದು ಹಾಸಿಗೆ ಹಿಡಿದವಳನ್ನು ನಾದಿನಿ ಆಸ್ಪತ್ರೆಗೆ ಕರೆದೊಯ್ದಳು. "ಆ ಬಟ್ಟೆ ಕಾರ್ಖಾನೆಯವರಾ?" ಎಂದರು ಡಾಕ್ಟರಮ್ಮ. "ನಿಮ್ಮವರು ಬರ್ತಾನೇ ಇರ್ತಾರೆ. ನೀರು ಕುಡೀರಮ್ಮ, ತಡ್ಕೊಂಡು ಕೂರಬೇಡಿ. ಸೋಂಕು ಮೂತ್ರಪಿಂಡಕ್ಕೆ ಹತ್ತಿದ್ರೆ ಸುಮ್ನೆ ಹೋಗಲ್ಲ."

ಊಟಕ್ಕೆ ಕುಳಿತಾಗ ನಾದಿನಿ ಅಣ್ಣನನ್ನು ತರಾಟೆಗೆ ತೆಗೆದುಕೊಂಡಳು.

"ನನಗೇನು ಆಸೆನಾ?" ಅವನು ತಟ್ಟೆ ಸರಿಸಿದ. "ಒಬ್ಬಳು ಎದ್ದು ಹೋದ್ರೆ ಮುಂದಿನವಳ ಕೈ ಖಾಲಿ. ಮಾಲು ಕಮ್ಮಿ ಬಿತ್ತು ಅಂದ್ರೆ ಮ್ಯಾನೇಜರ್ ಉಗಿಯೋದು ನನಗೆ, ಅದೂ ಎಲ್ಲರೆದುರು. ಟೋಕನ್ ನಿಯಮ ತಂದವನು ನಾನಲ್ಲ. ನಾನು ಬಿಟ್ಟರೆ ಆ ಜಾಗಕ್ಕೆ ಇನ್ನೂ ಕಟುಕ ಬರ್ತಾನೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತಿಗೆ ಗೋಡೆಗೆ ಮುಖ ಮಾಡಿ ಮಲಗಿದಳು.

ಮೈ ಚೇತರಿಸಿಕೊಂಡ ಮೇಲೆ ಒಂದು ದಿನ ಅವಳೇ ನಾದಿನಿಯ ಬಳಿ ಮಾತು ತೆಗೆದಳು. "ನಮ್ಮ ಲೈನಿನ ಹೆಂಗಸರ ಫೋಟೋ ನೀನು ತೆಗಿ. ನಾನು ಬರೀತೀನಿ."

"ಮುಖ ಕಂಡ್ರೆ ಕೆಲಸ ಹೋಗುತ್ತೆ ಅತ್ತಿಗೆ."

"ಮುಖ ಯಾಕೆ? ಬಾಟಲಿ ಸಾಕು."

ಗೇಟಿನಾಚೆಯ ಬಸ್ ನಿಲ್ದಾಣದಲ್ಲಿ, ಮನೆಗೆ ಹೊರಟ ಹೆಂಗಸರು ಒಬ್ಬೊಬ್ಬರಾಗಿ ಬೆಂಚಿನ ಮೇಲೆ ಕುಳಿತರು. ಮಡಿಲಲ್ಲಿ ಮುಗಿಯದ ನೀರಿನ ಬಾಟಲಿ, ಅದನ್ನು ಹಿಡಿದ ಎರಡು ಕೈ. ಚಿತ್ರದಲ್ಲಿ ಇದ್ದದ್ದು ಇಷ್ಟೇ. ಅವರು ಆಡಿದ ಮಾತನ್ನು ಅತ್ತಿಗೆ ಕೆಳಗೆ ಬರೆದಳು.

'ಮಗಳು ತುಂಬಿಸಿ ಕೊಡ್ತಾಳೆ. ಅವಳಿಗೆ ಗೊತ್ತಾಗದ ಹಾಗೆ ದಾರೀಲೇ ಚೆಲ್ಲಿ ಮನೆಗೆ ಹೋಗ್ತೀನಿ.'

'ಇವತ್ತು ಅರ್ಧ ಕುಡಿದೆ. ಕರೆಂಟು ಹೋಗಿ ಮಿಷನ್ನು ನಿಂತಿತ್ತು, ದೇವರು ದೊಡ್ಡವನು.'

ತನ್ನ ಚಿತ್ರದ ಕೆಳಗೆ ಏನು ಬರೆಯಬೇಕೆಂದು ತೋಚದೆ ಅವಳು ಬಹಳ ಒದ್ದಾಡಿದಳು. ಕೊನೆಗೆ ಬರೆದಳು: 'ಟೋಕನ್ ಕೊಡೋರು ನನ್ನ ಗಂಡ. ನನಗೆ ಜ್ವರ ಬಂದಾಗ ಚಮಚದಲ್ಲಿ ನೀರು ಕುಡಿಸಿದವರೂ ಅವರೇ.'

ಗ್ರಂಥಾಲಯದ ಮುಂದಿನ ಕೋಣೆಯಲ್ಲಿ ಚಿತ್ರಗಳನ್ನು ತೂಗುಹಾಕಿದರು. ನಗುತ್ತಾ ಒಳಗೆ ಬಂದ ಜನ ಒಂದೊಂದು ಚಿತ್ರದ ಕೆಳಗಿನ ಮಾತನ್ನೂ ನಿಂತು ಓದಿದರು. ರಜೆಯ ದಿನ ಸೂಪರ್‌ವೈಸರ್ ಕೂಡ ಬಂದ. ಹೆಂಡತಿಯ ಚಿತ್ರದ ಕೆಳಗಿನ ಬರಹವನ್ನು ಎರಡು ಸಲ ಓದಿದ. ಬಾಗಿಲ ಬಳಿ ಕುಳಿತಿದ್ದ ತಂಗಿಯ ಕಡೆಗೂ ನೋಡದೆ ಹೊರಟುಹೋದ.

ಮಾರನೆಯ ದಿನ ಮ್ಯಾನೇಜರ್ ಯಂತ್ರಗಳನ್ನು ನಿಲ್ಲಿಸಿ, ಆ ಚಿತ್ರಗಳಿದ್ದ ಮೊಬೈಲನ್ನು ಸೂಪರ್‌ವೈಸರನ ಮೂಗಿನೆದುರು ಹಿಡಿದ. "ನಿನ್ನ ಲೈನಿನವರೇ ಇವರು. ಕೈ ನೋಡಿ ಗುರುತು ಹಿಡಿ. ಯಾರ್ಯಾರು ಹೇಳು!"

ವರ್ಷಗಟ್ಟಲೆ ಆ ಕೈಗಳನ್ನೇ ನೋಡಿದವನಿಗೆ ಒಂದೊಂದೂ ಗೊತ್ತಿತ್ತು. ಸಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ.

"ಒಂದೇ ಒಂದು ಗೊತ್ತು ಸರ್," ಎಂದ. "ಇದು ನನ್ನ ಹೆಂಡ್ತಿ ಕೈ. ಕೆಳಗೆ ಬರೆದಿರೋದು ನಿಜ. ಇನ್ಮೇಲೆ ಆ ಬಾಗಿಲಲ್ಲಿ ನಾನು ನಿಲ್ಲಲ್ಲ."

ಮೊದಲ ಯಂತ್ರದ ಬಸುರಿ ಹೆಂಗಸು ಮೆಲ್ಲನೆ ಎದ್ದು, ಟೋಕನ್ ಕೇಳದೆ, ಶೌಚಾಲಯದ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ಮ್ಯಾನೇಜರ್ ಮೊಬೈಲನ್ನು ಜೇಬಿಗಿಳಿಸಿ ಪಕ್ಕಕ್ಕೆ ಸರಿದ.

ಪತ್ರಿಕೆಯಲ್ಲಿ ಚಿತ್ರಗಳು ಬಂದ ಮೇಲೆ ಟೋಕನ್ ಪದ್ಧತಿ ಹೋಯಿತು. ಸೂಪರ್‌ವೈಸರನನ್ನು ಮಾತ್ರ ಗೋದಾಮಿಗೆ ಎತ್ತಿಹಾಕಿದರು. ಆ ಸಂಜೆ ಅವನು ಮನೆಗೆ ಬಂದಾಗ ಅತ್ತಿಗೆ, ನಾದಿನಿ ಇಬ್ಬರೂ ಚಿತ್ರಗಳನ್ನು ಪಕ್ಕದ ಊರಿಗೆ ಒಯ್ಯಲು ಕಟ್ಟುತ್ತಿದ್ದರು. ಅಲ್ಲೂ ಅಂಥದೇ ಕಾರ್ಖಾನೆಯಿತ್ತು.

"ಬಾಗಿಲಲ್ಲಿ ನಿಂತವನ ಮಾತೂ ಒಂದು ಇರ್ಲಿ. ನಾನು ಹೇಳ್ತೀನಿ, ನೀನು ಬರ್ಕೋ," ಎಂದ ಹೆಂಡತಿಗೆ.

ಅವಳು ಪೆನ್ನು ಹುಡುಕಿದಳು. ತಂಗಿ ಕ್ಯಾಮೆರಾ ಎತ್ತಿಕೊಂಡು ಕೇಳಿದಳು, "ಬರೀ ಕೈ ತೆಗೀಲಾ ಅಣ್ಣ?"

ಅವನು ಕುರ್ಚಿಯನ್ನು ಬೆಳಕಿಗೆ ಎಳೆದುಕೊಂಡು ಕುಳಿತ.

"ಮುಖಾನೂ ತೆಗಿ."