ಹೆಬ್ಬೆರಳು ಬಿಡಿಸಿದ ಅಕ್ಷರಗಳು

ಮಾರುವಾಗ ಕೊಟ್ಟಿದ್ದನ್ನು ಕಂಪನಿ ಆಮೇಲೆ ಕಿತ್ತುಕೊಂಡಿತು. ಟೀವಿಗೆ ಸಿಕ್ಕಿಸುವ ಆ ಗೇಮ್ ಪೆಟ್ಟಿಗೆಯಲ್ಲಿ ಆಟವನ್ನೂ ಆಡಬಹುದು, ಬೇರೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಂಡು ಕಂಪ್ಯೂಟರಿನಂತೆ ದುಡಿಸಿಕೊಳ್ಳಲೂಬಹುದು ಎಂದು ರಟ್ಟಿನ ಡಬ್ಬಿಯ ಮೇಲೇ ಅಚ್ಚಾಗಿತ್ತು. ಕೆಲವು ವರ್ಷದ ಮೇಲೆ ಒಂದು ಅಪ್‌ಡೇಟ್ ಬಂತು. ಆ ಎರಡನೆಯ ಸೌಲಭ್ಯ ಹೋಯಿತು.

ಒಬ್ಬ ಹುಡುಗಿಯ ಮನೆಗೆ ಆ ಪೆಟ್ಟಿಗೆ ಬಂದದ್ದೇ ಆ ಎರಡನೆಯದಕ್ಕಾಗಿ. ಅವಳ ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಅಚ್ಚುಕೂಟ ಮುಚ್ಚಿದಾಗ ಮಾಲೀಕ ಸೀಸದ ಮೊಳೆಗಳನ್ನೆಲ್ಲ ಗುಜರಿಗೆ ತೂಗಿಹಾಕಿದ. ಅಪ್ಪನ ಕೈಯಲ್ಲಿ ಉಳಿದದ್ದು ಆ ಅಕ್ಷರಗಳಲ್ಲಿ ಅಚ್ಚಾದ ಒಂದಿಷ್ಟು ಹಳೇ ಹಾಳೆ. "ಈ ಅಕ್ಷರದ ಹೊಟ್ಟೆ ನೋಡು, ಈಗಿನ ಯಾವ ಕಂಪ್ಯೂಟರಲ್ಲಿದೆ ಹೇಳು" ಎನ್ನುತ್ತಿದ್ದ. ಮಗಳು ಪೆಟ್ಟಿಗೆಗೆ ಬೇರೆ ಸಿಸ್ಟಂ ಹಾಕಿ, ಆ ಹಳೇ ಅಕ್ಷರಗಳನ್ನು ಕಂಪ್ಯೂಟರಿಗೆ ಬಿಡಿಸಿಕೊಳ್ಳುವ ಸಾಫ್ಟ್‌ವೇರ್ ಕೂರಿಸಿಕೊಟ್ಟಳು. ಮೌಸ್ ಅವನ ಕೈಗೆ ಒಗ್ಗಲಿಲ್ಲ. ಆಟದ ಕಂಟ್ರೋಲರನ್ನೇ ಹಿಡಿದು, ಹೆಬ್ಬೆರಳಿನಡಿಯ ಕಡ್ಡಿಯನ್ನು ನಯವಾಗಿ ತಳ್ಳುತ್ತ, ಅಕ್ಷರದ ಅಂಚನ್ನು ಕೂದಲೆಳೆಯಷ್ಟು ಸರಿಸುತ್ತ ಕೂರುತ್ತಿದ್ದ.

ಎಂಥ ಸಂಜೆಗಳವು. ಟೀವಿಯ ತುಂಬ ಒಂದೇ ಒಂದು ಅಕ್ಷರ ಕಂಬದ ಹಾಗೆ ನಿಂತಿರುತ್ತಿತ್ತು. ಬಿಸಿಲಿನ ವಾಸನೆಯ ಬಟ್ಟೆ ಮಡಚುತ್ತ ಅಮ್ಮ ಕುಟುಕುತ್ತಿದ್ದಳು: "ಊರವರೆಲ್ಲ ಧಾರಾವಾಹಿ ನೋಡ್ತಾರೆ, ನಮ್ಮನೇಲಿ ಅಕ್ಷರಮಾಲೆ. ಅದೂ ಮುಂದಕ್ಕೇ ಹೋಗಲ್ಲ."

"ನಿನ್ನ ಧಾರಾವಾಹಿ ಏನು ಓಡ್ತಿದೆಯಾ? ಆ ಸೊಸೆ ಹೋದ ವರ್ಷದಿಂದ ಬಾಗಿಲಲ್ಲೇ ನಿಂತಿದ್ದಾಳೆ" ಎನ್ನುತ್ತಿದ್ದ ಅಪ್ಪ, ಪರದೆಯಿಂದ ಕಣ್ಣು ಕೀಳದೆ.

ಅಪ್‌ಡೇಟಿಗೆ ಒಪ್ಪಿಗೆ ಕೊಟ್ಟವನೂ ಅವನೇ. ಲೋಕದಲ್ಲಿ ಯಾರೂ ಓದದ ಆ ಷರತ್ತುಗಳನ್ನು ಒಂದಕ್ಷರ ಬಿಡದೆ ಓದಿದ್ದ, ಅಚ್ಚಿನ ತಪ್ಪು ಹುಡುಕುತ್ತ ಪ್ರೂಫ್ ಓದುವ ಹಾಗೆ. ಅರ್ಥದ ಬೆನ್ನು ಹತ್ತಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ ಎಂಬುದು ಅವನ ಕಸುಬಿನ ಮೊದಲ ಪಾಠ. ಜೀವಮಾನವೆಲ್ಲ ಹಾಗೇ ಪಳಗಿದ ಕಣ್ಣು.

"ಎಲ್ಲೂ ತಪ್ಪಿರಲಿಲ್ಲ ಕಣೇ. ಕೊನೇಲಿ ಒಪ್ಪಿಗೆ ಕೇಳಿತ್ತು. ಒತ್ತಿದೆ."

"ತೆಗೆದುಹಾಕ್ತೀವಿ ಅಂತ ಅದರಲ್ಲೇ ಬರೆದಿತ್ತಲ್ಲಪ್ಪ."

"ಬರೆದಿತ್ತು. ನೀಟಾಗೇ ಬರೆದಿತ್ತು."

ಆಮೇಲೆ ಅವನು ಆ ಮಾತೆತ್ತಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಹೆಬ್ಬೆರಳು ತಟ್ಟೆಯ ಅಂಚಿನ ಮೇಲೆ ತಾನೇ ತಾನಾಗಿ ಆಡುತ್ತಿತ್ತು. ಅದರ ಮೇಲೆ ಕಣ್ಣಿನ ಡಾಕ್ಟರು ಬೇರೆ, ನೋಟ ಮೆಲ್ಲಮೆಲ್ಲನೆ ಹೋಗುತ್ತದೆ, ತಡೆಯುವ ದಾರಿಯಿಲ್ಲ ಎಂದರು. ಒತ್ತಕ್ಷರಗಳು ಇನ್ನೂ ಬಾಕಿ ಇದ್ದವು.

ಮಗಳಿಗೆ ಕೆಲಸ ಅದೇ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಅಪ್ಪನ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಬಿಚ್ಚಿದಳು. ಬೋರ್ಡಿನ ಮೆಮೊರಿ ಚಿಪ್ಪಿಗೆ ಕಂಪ್ಯೂಟರಿನಿಂದ ಬಂದ ತಂತಿಯ ಕ್ಲಿಪ್ ಕಚ್ಚಿಸಿ, ಕಂಪನಿಯ ಸಾಫ್ಟ್‌ವೇರನ್ನು ಅಳಿಸಿ, ಆ ಸೌಲಭ್ಯವನ್ನು ಮತ್ತೆ ಸೇರಿಸಿ ಬೇರೆಯವರು ತಿದ್ದಿದ್ದ ಸಾಫ್ಟ್‌ವೇರನ್ನು ಅದರಲ್ಲಿ ಬರೆದಳು. ತಿದ್ದಿಕೊಟ್ಟವರು ಎಲ್ಲೆಲ್ಲೋ ಕೂತು ತಮ್ಮ ಪೆಟ್ಟಿಗೆಗಳಿಗಾಗಿ ಹಟ ಹಿಡಿದ, ಮುಖ ಕಾಣದ ಜನ. ಮೊದಲ ಸಲ ಪರದೆ ಕಪ್ಪಗೇ ಉಳಿಯಿತು. ನೋಡಿದರೆ ಕ್ಲಿಪ್ಪಿನ ಒಂದು ಕಾಲು ಕಚ್ಚಿರಲಿಲ್ಲ. ಮತ್ತೆ ಕೂರಿಸಿದಳು. ಬಿಳಿಯ ಸಾಲುಗಳು ಸರಸರನೆ ಮೇಲೇರಿದವು. ಡಿಸ್ಕಿನಲ್ಲಿ ಅಪ್ಪನ ಅಕ್ಷರಗಳು ಇದ್ದೇ ಇದ್ದವು. ಬಾಗಿಲಿಗೆ ಗೋಡೆ ಕಟ್ಟಿದ್ದರು, ಅಷ್ಟೆ. ಕೊನೆಯದಾಗಿ ಕೈಯಿಟ್ಟಿದ್ದ ಅಕ್ಷರ ಅರೆಹೊಟ್ಟೆಯಲ್ಲಿ ನಿಂತಿತ್ತು, ಅಪ್ಪ ನೀರು ಕುಡಿಯಲು ಎದ್ದುಹೋದ ಹಾಗೆ. ಅವಳು ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತಳು.

ಹಿಂದೆ ಮ್ಯಾನೇಜರ್ ಬಂದು ನಿಂತದ್ದು ಗೊತ್ತಾಗಲಿಲ್ಲ.

"ನೋಡಮ್ಮ, ಈ ಬೆಂಚಿಗೆ ಬಂದ ಪೆಟ್ಟಿಗೆ ಅಪ್‌ಡೇಟ್ ಆಗದೆ ಹೊರಗೆ ಹೋಗೋ ಹಾಗಿಲ್ಲ. ನಿಂಗೆ ನಾನು ಹೇಳಬೇಕಾ?"

"ಇದು ನಮ್ಮಪ್ಪಂದು ಸಾರ್."

"ಯಾರದ್ದಾದ್ರೂ ಒಂದೇ. ಫೈಲ್ ಬೇಕಿದ್ರೆ ಪೆನ್‌ಡ್ರೈವಿಗೆ ಹಾಕ್ಕೋ, ನಾನು ನೋಡಿಲ್ಲ. ಆಮೇಲೆ ಅಪ್‌ಡೇಟ್ ಹಾಕು."

"ಫೈಲ್ ತಗೊಂಡು ಏನು ಮಾಡ್ಲಿ ಸಾರ್? ಅವರು ಬಿಡಿಸ್ಬೇಕು. ಅವರ ಹೆಬ್ಬೆರಳಿಗೆ ಗೊತ್ತಿರೋದು ಇದೊಂದೇ. ಹೊಸದು ಕಲಿಯೋಷ್ಟು ದಿನ ಕಣ್ಣು ಕಾಯಲ್ಲ."

"ಉಂಡ ಮನೆಗೆ ಎರಡು ಬಗೀತಿದ್ದೀಯ."

"ಕೊಟ್ಟು ಕಸ್ಕೊಂಡಿದ್ದು ನಾನಲ್ಲ ಸಾರ್."

ಮ್ಯಾನೇಜರ್ ಕೆಟ್ಟವನೇನಲ್ಲ. ಹಣೆ ಒತ್ತಿಕೊಂಡ. ಅವನ ಮೇಲೂ ಒಬ್ಬ ಮ್ಯಾನೇಜರ್, ಅವನ ಮೇಲೆ ಇನ್ನೊಬ್ಬ, ಆ ಏಣಿಗೆ ತುದಿಯೇ ಇಲ್ಲ. ಜೇಬಿನಿಂದ ಅಪ್‌ಡೇಟಿನ ಪೆನ್‌ಡ್ರೈವ್ ತೆಗೆದು ಬೆಂಚಿನ ಮೇಲಿಟ್ಟು ಅವಳ ಕಡೆಗೆ ಸರಿಸಿದ.

"ಹಾಕಮ್ಮ. ಇಲ್ದಿದ್ರೆ ಕೆಲಸ ಹೋಗುತ್ತೆ. ಸುಮ್ನೆ ಹಟ ಮಾಡಬೇಡ."

ಅವಳು ಕ್ಲಿಪ್ಪನ್ನು ಚಿಪ್ಪಿನಿಂದ ಬಿಡಿಸಿ, ಮುಚ್ಚಳ ಕೂರಿಸಿ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು.

"ಇಲ್ಲ ಸಾರ್, ಹಾಕಲ್ಲ" ಎಂದು ಮೊದಲ ಸ್ಕ್ರೂ ಬಿಗಿದಳು.