ಕಾಟಾ ಕಂಪ್ಯೂಟರಿನ ಕಾವು

ಸಂಡೂರು ರಸ್ತೆಯ ಆ ಅದಿರಿನ ಯಾರ್ಡಿನಲ್ಲಿ ಕಂಪ್ಯೂಟರು ನಿಂತಿತೆಂದರೆ ಮುಗಿಯಿತು ಕಥೆ. ಟಿಪ್ಪರುಗಳನ್ನು ತೂಗುವ ಕಾಟಾಕ್ಕೆ ಅದೇ ಕಣ್ಣು. ಅದು ಮುಚ್ಚಿದರೆ ಗಾಡಿಗಳು ತಿರುವಿನಾಚೆಗೂ ಸಾಲುಗಟ್ಟುತ್ತವೆ, ಡ್ರೈವರುಗಳು ಹಾರನ್ ಒತ್ತಿ ಜೀವ ತಿನ್ನುತ್ತಾರೆ, ಕೊನೆಗೆ ಬೇಸತ್ತು ಒಂದಷ್ಟು ಗಾಡಿಗಳನ್ನು ತೂಕವಿಲ್ಲದೆ ಬಿಡಬೇಕಾಗುತ್ತದೆ. ಅದು ಚೀನಾಕ್ಕೆ ನಮ್ಮ ಮಣ್ಣು ಹೋಗುತ್ತಿದ್ದ ಕಾಲ. ಯಾರಿಗೂ ಉಸಿರು ಬಿಡಲು ಪುರುಸೊತ್ತಿರಲಿಲ್ಲ.

ಅಂಥದ್ದರಲ್ಲಿ ಆ ವರ್ಷ ಮಳೆ ಮುಗಿದದ್ದೇ ತಡ, ಕಂಪ್ಯೂಟರು ಮನಸ್ಸು ಬಂದಾಗಲೆಲ್ಲ ಆರಿಹೋಗತೊಡಗಿತು.

ಯಾರ್ಡಿನ ಸಾವ್ಕಾರ ಚನ್ನಯ್ಯ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದವನು, ಅದಿರಿನ ಭರಾಟೆಯಲ್ಲಿ ಇತ್ತ ಬಂದವನು. ಗಿರಣಿಯ ಕಾಲದಿಂದಲೂ ತೂಗುವವನ ಕೈಮೇಲೆ ಅವನಿಗೊಂದು ಗುಮಾನಿ. ಇಲ್ಲಿ ತೂಗುವವನು ಹನುಮೇಶ್. ಯಾರ್ಡು ಶುರುವಾದಾಗಿನಿಂದ ಆ ತಗಡಿನ ಕ್ಯಾಬಿನ್ನಿನಲ್ಲಿ ಕೂತು ಬೆಂದವನು.

"ಬೇಕಂತನ ಬಂದ್ ಮಾಡಿ ಓವರ್‌ಲೋಡ್ ಗಾಡಿ ದಾಟಸ್ತಾನ ಇವ" ಎಂದು ಚನ್ನಯ್ಯ ಎಲ್ಲರೆದುರೇ ಅಂದ.

"ಇಲ್ರಿ ಸಾವ್ಕಾರ್ರ, ಬಿಸಿಯಾಗಿ ಬಂದ್ ಆಗ್ತೈತ್ರಿ. ಕೈ ಇಟ್ಟು ನೋಡ್ರಿ ಬೇಕಾರ" ಎಂದ ಹನುಮೇಶ್.

ಕೈ ಇಡಲಿಲ್ಲ ಸಾವ್ಕಾರ. ಹೊಸಪೇಟೆಯಿಂದ ಪೂಜಿತಾಳನ್ನು ಕರೆಸಿದ. ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನ ಹುಡುಗಿ, ಸುತ್ತಲ ಯಾರ್ಡುಗಳ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು. ಪೆನ್‌ಡ್ರೈವುಗಳ ವೈರಸ್ ಕಾಟ ತಡೆಯಲಾರದೆ ಆ ಕಂಪ್ಯೂಟರುಗಳಿಗೆಲ್ಲ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಟ್ಟಿದ್ದಳು. ಬಿಸಿ ಹೌದೋ ಅಲ್ಲವೋ ಅಷ್ಟು ಹೇಳಬೇಕು, ಹನುಮೇಶನ ನೌಕರಿ ಆ ಮಾತಿನ ಮೇಲೆ ನಿಂತಿದೆ ಎಂಬುದು ಅವಳಿಗೂ ಗೊತ್ತಿತ್ತು.

ಕಂಪ್ಯೂಟರಿನ ಹೊಟ್ಟೆಯೊಳಗೆ ಶಾಖ ಅಳೆಯುವ ಪುಟ್ಟ ಚಿಪ್ ಇರುತ್ತದೆ. ಅದು ಅಳೆದದ್ದನ್ನು ಪರದೆಗೆ ತರುವ ತಂತ್ರಾಂಶಕ್ಕೂ ಡ್ರೈವರ್ ಎಂದೇ ಹೆಸರು. ಲಿನಕ್ಸಿನಲ್ಲಿದ್ದ ಡ್ರೈವರ್ ಮೊದಲು ಚಿಪ್ಪಿನ ಗುರುತಿನ ಸಂಖ್ಯೆ ಕೇಳುತ್ತದೆ. ತನಗೆ ಗೊತ್ತಿರುವ ಸಂಖ್ಯೆ ಬರದಿದ್ದರೆ ಮುಖ ತಿರುಗಿಸಿ ಕೂರುತ್ತದೆ. ಇಲ್ಲಿದ್ದದ್ದು ಹೊಸ ಚಿಪ್. ಹಳೆಯದರ ತಮ್ಮನೆಂದು, ಅಣ್ಣನ ಹಾಗೆಯೇ ಮಾತಾಡುತ್ತದೆಂದು ಅದನ್ನು ಮಾಡಿದವರು ಬರೆದಿದ್ದರು. ಸರಿ, ಪೂಜಿತಾ ಹೊಸ ಸಂಖ್ಯೆಯನ್ನೂ ಡ್ರೈವರಿಗೆ ಸೇರಿಸಿ, ಅಣ್ಣನ ಅಳತೆಗಳಿಗಿದ್ದ ಹೆಸರುಗಳನ್ನೇ ಇದರವಕ್ಕೂ ಅಂಟಿಸಿದಳು. ಪರದೆಯ ಮೇಲೆ ಎರಡು ಅಂಕಿ ಮೂಡಿದವು: ಪ್ರೊಸೆಸರ್ ನಲವತ್ತನಾಲ್ಕು ಡಿಗ್ರಿ, ಬೋರ್ಡ್ ಎಪ್ಪತ್ತೊಂಬತ್ತು. ಮೊದಲನೆಯದು ಪ್ರೊಸೆಸರಿಗೆ ತಂಪೇ; ಅಂತೂ ಡ್ರೈವರ್ ಮಾತಾಡಿತೆಂದು ಅವಳಿಗೆ ಖುಷಿಯಾಯಿತು. ಎರಡನೆಯದನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ಏನೂ ಜೋಡಿಸದ ಖಾಲಿ ಪಿನ್ನಿನಿಂದ ಇಂಥ ಹುಚ್ಚು ಅಂಕಿ ಬರುವುದುಂಟು.

"ಒಂದ ಮಾತಿನ್ಯಾಗ ಹೇಳವ್ವಾ, ಬಿಸಿ ಐತೋ ಇಲ್ಲೋ?" ಎಂದ ಚನ್ನಯ್ಯ.

"ನಂಬರ್ ನೋಡಿದ್ರ ಇಲ್ಲರಿ."

ಅಷ್ಟೇ ಸಾಕಾಯಿತು. ಅಂದು ಸಂಜೆಯೇ ಹನುಮೇಶನಿಂದ ಕ್ಯಾಬಿನ್ನಿನ ಕೀಲಿ ಕಿತ್ತುಕೊಂಡರು. ಅವನು ಪೂಜಿತಾಳ ಮುಖವನ್ನೊಮ್ಮೆ ನೋಡಿ, ಊಟದ ಡಬ್ಬಿ ಎತ್ತಿಕೊಂಡು ಹೊರಟ. ಅವಳಿಗೆ ಕಸಿವಿಸಿಯಾಯಿತು. ಆದರೆ ಅಂಕಿ ಅಂಕಿಯೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡಳು.

ಮರುದಿನವೇ ಆಯುಧ ಪೂಜೆ. ಅಂದು ಮಾತ್ರ ಕಾಟಾಕ್ಕೆ ರಜೆ. ಲಾರಿಗಳಿಗೆ ಬಾಳೆಕಂದು, ಜೆಸಿಬಿಗೆ ನಿಂಬೆಹಣ್ಣು, ಕಂಪ್ಯೂಟರಿಗೆ ಅರಿಶಿನ ಕುಂಕುಮ. ಪೂಜಿತಾಳನ್ನೂ ಕರೆದಿದ್ದರು. ಕರೆಯದೆ ಬಂದವನು ಹನುಮೇಶ್, ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರ ಹಿಡಿದುಕೊಂಡು.

"ಪ್ರತಿ ವರ್ಷ ನಾನ ಹಾಕ್ತಿದ್ದೆ. ಹಾಕಿ ಹೋಗ್ತೀನ್ರಿ" ಎಂದ.

ಹಬ್ಬದ ದಿನ ಬಂದವನನ್ನು ಹೊರಗಟ್ಟಲು ಚನ್ನಯ್ಯನಿಗೂ ಬಾಯಿ ಬರಲಿಲ್ಲ. ಹನುಮೇಶ್ ಚಾಲೂ ಇದ್ದ ಕಂಪ್ಯೂಟರಿಗೆ ಹಿಂದೆ ಮುಂದೆ ಸುತ್ತಿ ಹಾರ ಹಾಕಿದ. ಭಕ್ತಿಯೇನೋ ದೊಡ್ಡದು, ಗಾಳಿಯಾಡುವ ಕಿಂಡಿಗಳೆಲ್ಲ ಹೂವಿನಲ್ಲಿ ಮುಚ್ಚಿಹೋದವು. ಆಮೇಲೆ ಹೋಗಿ ಬಾಗಿಲ ಹೊರಗೆ ಕೈಮುಗಿದು ನಿಂತ.

ಪೂಜಿತಾಳ ಕಣ್ಣು ಪರದೆಯ ಮೇಲೆ ಬಿತ್ತು. ಪ್ರೊಸೆಸರ್ ಅಂಕಿ ಅಲುಗಲಿಲ್ಲ. ಅವಳು ಹುಚ್ಚೆಂದು ಬಿಟ್ಟಿದ್ದ ಎರಡನೆಯದು ಮಾತ್ರ ಏರುತ್ತಿತ್ತು. ಎಂಬತ್ತೈದು. ಎಂಬತ್ತೊಂಬತ್ತು. ಖಾಲಿ ಪಿನ್ನಿಗೆ ಹೂವಿನ ಹಾರ ತಿಳಿಯುವುದುಂಟೇ?

"ಹಾರ ಒಂಚೂರು ಸರಸ್ಲೇನ್ರಿ?"

"ಏ ತಂಗಿ, ಪೂಜಿ ಮಾಡಿದ್ದನ್ನ ಮುಟ್ಟಬ್ಯಾಡ!" ಎಂದು ಚನ್ನಯ್ಯ ಕರ್ಪೂರ ಹಚ್ಚಿ ಆರತಿ ಎತ್ತಿದ.

ತೊಂಬತ್ತು ದಾಟಿದ್ದೇ ಕಂಪ್ಯೂಟರು ಟಕ್ಕೆಂದು ಆರಿತು. ಯಾರ ಕೈಯೂ ಅದರ ಹತ್ತಿರ ಇರಲಿಲ್ಲ.

"ಅಯ್ಯೋ ಶಿವನೇ, ಆರತಿ ಹೊತ್ತಿನ್ಯಾಗ!" ಚನ್ನಯ್ಯ ತಟ್ಟೆ ಕೆಳಗಿಟ್ಟ.

ಪೂಜಿತಾಳಿಗೆ ಆಗ ಹೊಳೆಯಿತು. ಹೊಸ ಚಿಪ್ ಎಂಬ ಆ ತಮ್ಮ, ಅಣ್ಣನ ಹಾಗೆಯೇ ಮಾತಾಡುತ್ತಿದ್ದ, ನಿಜ. ಆದರೆ ಅಣ್ಣ ಮೊದಲು ಹೇಳುತ್ತಿದ್ದುದನ್ನು ಇವನು ಎರಡನೆಯದಾಗಿ ಹೇಳುತ್ತಿದ್ದ. ಅಳತೆಗಳೆರಡೂ ಸರಿ. ಹೆಸರುಗಳು ಅದಲುಬದಲಾಗಿದ್ದವು, ಬೋರ್ಡಿನದೆಂದು ತೋರಿದ್ದೇ ಪ್ರೊಸೆಸರಿನ ಕಾವು. ಆ ಹೆಸರುಗಳನ್ನು ಅಂಟಿಸಿದವಳು ಅವಳೇ.

"ಅಪಶಕುನ ಅಲ್ರಿ ಇದು, ನನ್ನ ತಪ್ಪು" ಎಂದಳು. "ಬಿಸಿಯಾಗೇ ಬಂದ್ ಆಗ್ತಿತ್ತು. ಹನುಮೇಶಣ್ಣ ಖರೇನ ಹೇಳಿದ್ದ. ನಾನು ಉಲ್ಟಾ ಓದಿದೆ."

ಪೂಜೆಯ ಮಾತು ಬದಿಗಿಟ್ಟು ಕಂಪ್ಯೂಟರಿನ ಡಬ್ಬಿ ಬಿಚ್ಚಿ ತೋರಿಸಿದಳು. ಶಾಖ ಹೊರಹಾಕಬೇಕಾದ ಲೋಹದ ಹಲ್ಲುಗಳ ಸಂದಿಯಲ್ಲಿ ಕೆಂಪು ಧೂಳು ಗೋಡೆಗೆ ಮೆತ್ತಿದ ಕೆಮ್ಮಣ್ಣಿನಂತೆ ಗಟ್ಟಿಯಾಗಿತ್ತು. ಚನ್ನಯ್ಯ ಬಗ್ಗಿ ನೋಡಿದ, ಬೆರಳಿಟ್ಟು ಚುರ್ರೆನಿಸಿಕೊಂಡು ಕೈ ಕೊಡವಿದ. ಬಾಗಿಲ ಕಡೆ ತಿರುಗಿದರೆ ಹನುಮೇಶ್ ಇರಲಿಲ್ಲ. ಪ್ರಸಾದವನ್ನೂ ತೆಗೆದುಕೊಳ್ಳದೆ ಹೋಗಿಬಿಟ್ಟಿದ್ದ.

"ಹೋಗ್ಲಿ ಬಿಡು. ಡ್ಯೂಟಿಗಿ ಬಾ ಅಂತ ನೀನ ಹೇಳಿಬಿಡವ್ವಾ" ಎಂದ ಸಾವ್ಕಾರ.

ಪೂಜಿತಾ ಧೂಳು ಕೆರೆದು ತೆಗೆದಳು, ಹೆಸರುಗಳನ್ನು ಸರಿಮಾಡಿದಳು. ಹೊಸ ಚಿಪ್ ಎಲ್ಲಿ ಬೇರೆಯಾಗುತ್ತದೆಂದು ವಿವರ ಬರೆದು, ಆ ಡ್ರೈವರನ್ನು ನೋಡಿಕೊಳ್ಳುವ ದೂರದೇಶದವರಿಗೂ ಕಳಿಸಿದಳು. ಮರುದಿನ ವಿಜಯದಶಮಿ, ಬಂಗಾರವೆಂದು ಬನ್ನಿ ಎಲೆ ಕೊಟ್ಟು ಹಿರಿಯರಿಗೆ ನಮಸ್ಕರಿಸುವ, ಮುನಿಸು ಮರೆಯುವ ದಿನ. ಎಲೆ ಹಿಡಿದು ಹೊಸಪೇಟೆಯ ಚಿತ್ತವಾಡಗಿಯಲ್ಲಿ ಹನುಮೇಶನ ಮನೆ ಹುಡುಕಿಕೊಂಡು ಹೋದಳು. ಕಾಲಿಗೆ ಬಗ್ಗಿ ಎಲೆ ಕೊಟ್ಟಳು.

"ತಪ್ಪಾತು ಅಣ್ಣ."

ಹನುಮೇಶ್ ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. "ಬಂಗಾರದಂಗ ಇರವ್ವಾ. ಕುಂದ್ರು, ಚಾ ಕುಡಿ."

"ಸಾವ್ಕಾರ್ರು ಡ್ಯೂಟಿಗಿ ಬರಾಕ ಹೇಳ್ಯಾರ."

"ಹೇಳಿ ಕಳಿಸ್ಯಾರೇನು?" ಅವನು ಎಲೆಯನ್ನು ದೇವರ ಗೂಡಿನಲ್ಲಿಟ್ಟ. "ಕಳ್ಳ ಅಂದಿದ್ದು ಎಲ್ಲರ ಮುಂದ ಅಂದ್ರು. ಪ್ರತಿ ವರ್ಷ ನಾನ ಅವರ ಮನೀಗಿ ಹೋಗಿ ಬನ್ನಿ ಕೊಡ್ತಿದ್ದೆ. ಈ ಸರ್ತಿ ಹೋಗಂಗಿಲ್ಲ. ಬೇಕಾರ ಅವರ ಬರ್ಲಿ."

ಹಬ್ಬ ಕಳೆದ ಬೆಳಿಗ್ಗೆ ಚನ್ನಯ್ಯನ ಫೋನು ಬಂತು. ಹಿಂದೆ ಹಾರನ್ನುಗಳ ಗಲಾಟೆ. ಕಂಪ್ಯೂಟರು ನೆಟ್ಟಗಿದೆ, ಕೂರಿಸಿದ ಹೊಸಬನಿಗೆ ತೂಗಲು ಬರುತ್ತಿಲ್ಲ, ಹನುಮೇಶ್ ಯಾಕೆ ಬರಲಿಲ್ಲ?

"ನೀವ ಹೋಗಿ ಕರೀಬೇಕಂತ್ರಿ. ಬನ್ನಿ ತಗೊಂಡು" ಎಂದಳು ಪೂಜಿತಾ.

ಆ ಕಡೆ ಹಾರನ್ನುಗಳು ಒಂದೇ ಸಮನೆ ಕೂಗುತ್ತಿದ್ದವು. ಸಾವ್ಕಾರ ಬೈಯುತ್ತಾನೆಂದು ಅವಳು ಕಾದಳು.

"ಅಲ್ಲವ್ವಾ," ಎಂದ ಚನ್ನಯ್ಯ, ದನಿ ತಗ್ಗಿಸಿ, "ಅವನ ಮನಿ ಎಲ್ಲೈತಿ?"