ಕ್ಷೌರಿಕ ಹೇಳಿದ ಸುಳ್ಳು

ಆ ಅಂಗಡಿಯಲ್ಲಿ ಕನ್ನಡಿ ಎರಡು. ಮೂರು ವಾರದಿಂದ ಎರಡರಲ್ಲೂ ಕ್ಷೌರಿಕನೊಬ್ಬನೇ ಕಾಣುತ್ತಿದ್ದ. ಬೀದಿಯ ಸುದ್ದಿಯನ್ನೆಲ್ಲ ಕೂದಲಿನ ಜೊತೆಗೇ ಉದುರಿಸುತ್ತಿದ್ದವನಿಗೆ ಈಗ ಮಾತಿಗೆ ರೇಡಿಯೊ ಒಂದೇ ಗತಿ. ಅದೂ ತಾನು ಹೇಳುತ್ತದೆಯೇ ಹೊರತು ಕೇಳುವುದಿಲ್ಲ.

ನಡೆದದ್ದು ಇಷ್ಟು. ಒಂದು ಸಂಜೆ ಅಂಗಡಿ ಮುಚ್ಚಿ ಹೊರಟವನ ಮೊಬೈಲನ್ನು ಯಾರೋ ಇಬ್ಬರು ಕಿತ್ತುಕೊಂಡು, ಅಡ್ಡ ಹಿಡಿದ ಬಲಗೈಗೆ ಚಾಕು ಎಳೆದು ಓಡಿದರು. ಪೊಲೀಸು, ಕೋರ್ಟು ಎಂದು ಅಲೆಯುವವರು ಯಾರು? ಆಸ್ಪತ್ರೆಯಲ್ಲಿ ಅವನು, "ನನ್ನದೇ ಕತ್ತಿ ಜಾರಿತು" ಎಂದ. ಗಿರಾಕಿಗಳಿಗೂ ಅದನ್ನೇ ಹೇಳಿದ. ಸ್ವಂತ ಕೈಯನ್ನೇ ಕೊಯ್ದುಕೊಂಡವನಿಗೆ ಕುತ್ತಿಗೆ ಒಡ್ಡುವ ಧೈರ್ಯ ಯಾರಿಗಿದೆ? ಅವನು ಕೆಲಸಕ್ಕೆ ಒಬ್ಬ ಆಳನ್ನು ಇಟ್ಟುಕೊಂಡರೂ ಆ ಕಡೆ ಯಾರೂ ಸುಳಿಯಲಿಲ್ಲ. ಒಬ್ಬೊಬ್ಬರಾಗಿ ಎದುರಿನ ಅಂಗಡಿಗೆ ಹೋದರು. ಹೋಗುವಾಗ ಮುಖ ತಿರುಗಿಸಿಕೊಳ್ಳುವಷ್ಟು ದಾಕ್ಷಿಣ್ಯ ಮಾತ್ರ ಉಳಿಸಿಕೊಂಡಿದ್ದರು. ಆಳೂ ಬಿಟ್ಟುಹೋದ.

ಆಸ್ಪತ್ರೆಯಲ್ಲಿ ಪಟ್ಟಿ ಬದಲಿಸುತ್ತಿದ್ದ ನರ್ಸಮ್ಮ ಒಂದು ದಿನ ಕೇಳಿದಳು:

"ಅಣ್ಣಾ, ಕತ್ತಿ ಹಿಡಿಯೋದು ಯಾವ ಕೈಲಿ?"

"ಬಲಗೈಲಿ."

"ಗಾಯ ಆಗಿರೋದು?"

"ಅದೂ... ಬಲಗೈಗೇ."

"ಕತ್ತಿ ತಾನಾಗೇ ತಿರುಗಿ ನಿಂತು ಕೊಯ್ತಾ? ನಾನೇನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳಾ?"

ಇಷ್ಟು ದಿನ ಯಾರೂ ಕೇಳಿರಲಿಲ್ಲ. ಕೇಳಿದ್ದೇ ತಡ, ಅವನು ಎಲ್ಲವನ್ನೂ ಹೇಳಿಬಿಟ್ಟ.

"ಹೀಗೆ ಗಾಯಗೊಂಡವರಿಗೆ ಸರ್ಕಾರ ಪರಿಹಾರ ಕೊಡುತ್ತೆ, ಗೊತ್ತಾ? ಚಿಕಿತ್ಸೆಗೆ, ಕೆಲಸ ನಿಂತಿದ್ದಕ್ಕೆ."

"ಹೊಡೆದವರೇ ಸಿಕ್ಕಿಲ್ವಲ್ಲ ನರ್ಸಮ್ಮಾ. ಮುಖಾನೂ ನೋಡಿಲ್ಲ ನಾನು."

"ಕೊಡೋದು ಸರ್ಕಾರ, ಅವರಲ್ಲ. ಅವರು ಸಿಗದಿದ್ರೂ ಅರ್ಜಿ ಹಾಕಬಹುದು. ಮೊದಲು ಪೊಲೀಸರಿಗೆ ದೂರು ಕೊಡಿ, ನಮ್ಮ ಡಾಕ್ಟರಿಗೂ ನಿಜ ಹೇಳಿ."

"ಈಗ ಹೋದ್ರೆ, ಸುಳ್ಳು ಯಾಕೆ ಹೇಳಿದೆ ಅಂತ ಬೈತಾರೆ."

"ಬೈಲಿ ಬಿಡಿ. ಮಾತಾಡಿಸೋಕೆ ಒಬ್ಬರಾದ್ರೂ ಸಿಕ್ಕಂಗಾಯ್ತಲ್ಲ!"

ಹೋದ. ಬೈದರು, ಬೈದು ಬರೆದುಕೊಂಡರು. ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಅರ್ಜಿ ತುಂಬಿಸಿಕೊಟ್ಟರು. ತಡವಾಗಿ ಕೊಟ್ಟ ದೂರು, ಡಾಕ್ಟರಿಂದ ತಿದ್ದಿಸಿದ ಆಸ್ಪತ್ರೆಯ ಚೀಟಿ: ಪ್ರಶ್ನೆಗಳು ಹೆಚ್ಚೇ ಬಂದವು, ತಿಂಗಳುಗಳೇ ಹಿಡಿದವು. ಪರಿಹಾರ ಬಂತು. ಹೆಬ್ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ಆದರೆ ಚಿಕಿತ್ಸೆ ನಿಂತಿಲ್ಲ. ನಿಜ ತಿಳಿದ ಹಳೆಯ ಗಿರಾಕಿಯೊಬ್ಬ ಒಳಗೆ ಬಂದು ಕೂತು, "ಮೊದಲೇ ಹೇಳೋಕೇನಾಗಿತ್ತಯ್ಯ ನಿಂಗೆ?" ಎಂದ. ಕ್ಷೌರಿಕ ರೇಡಿಯೊ ಆರಿಸಿ, ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದ.

ನಿಮ್ಮ ಮೇಲೆ ಯಾರಾದರೂ ಹಲ್ಲೆ ಮಾಡಿದರೆ ನಡೆದದ್ದನ್ನು ನಡೆದಂತೆಯೇ ಡಾಕ್ಟರಿಗೆ, ಪೊಲೀಸರಿಗೆ ಹೇಳಿ. ದೂರಿನ ಪ್ರತಿ, ಆಸ್ಪತ್ರೆಯ ಚೀಟಿ ಜೋಪಾನವಾಗಿಡಿ. ಅರ್ಜಿಗೆ ಗಡುವು ಇರುತ್ತದೆ. ಕಾನೂನು ನೆರವಿನ ಕಚೇರಿಗೆ ಬೇಗ ಹೋಗಿ. ಗಾಯ ಮಾಡಿದವನು ತಲೆಮರೆಸಿಕೊಂಡಿರಬಹುದು. ಅವನ ಪರವಾಗಿ ನೀವು ಸುಳ್ಳು ಹೇಳಬೇಕಾಗಿಲ್ಲ.